ಮೈದಾನದ ಸಾಲ, ಪಕ್ಕದ ಖಾಲಿ ಸೈಟು

ಅಮೆರಿಕದ ಬೇಸ್‌ಬಾಲಿನಲ್ಲಿ ಮೇಜರ್ ಲೀಗ್‌ನ ಕೆಳಗಿನ ಸ್ತರಗಳಿಗೆ ಮೈನರ್ ಲೀಗ್ ಎನ್ನುತ್ತಾರೆ. ಅದರಲ್ಲಿ ಎಲ್ಲಕ್ಕಿಂತ ಮೇಲಿನ ಟ್ರಿಪಲ್-ಎ ದರ್ಜೆಯ ತಂಡವೊಂದು ತನ್ನೂರಿನಲ್ಲಿ ವರ್ಷಕ್ಕೆ 75 ಪಂದ್ಯ ಆಡುತ್ತದೆ. ಒಂದು ಮೆಟ್ಟಿಲು ಕೆಳಗಿರುವ ಡಬಲ್-ಎ ತಂಡ ಆಡುವುದು 69. ಊರ ನಡುಮಧ್ಯೆ ಇಂಥ ತಂಡಕ್ಕೆ ಹೊಸ ಮೈದಾನ ಕಟ್ಟಿಕೊಡಬೇಕೋ ಬೇಡವೋ ಎಂಬ ಜಗಳ ಯಾವ ನಗರಸಭೆಯಲ್ಲಿ ಎದ್ದರೂ, ಮೊದಲು ಈ ಸಂಖ್ಯೆಯನ್ನು ಮುಂದಿಟ್ಟುಕೊಂಡು ಮಾತಿಗೆ ಕೂರಬೇಕು. ಆಟ ವರ್ಷಕ್ಕೆ ಎಪ್ಪತ್ತು ಚಿಲ್ಲರೆ ದಿನ. ಅದಕ್ಕೆಂದು ಎತ್ತಿದ ಸಾಲಕ್ಕೆ ಬಡ್ಡಿ ಬೆಳೆಯುವುದು 365 ದಿನ.

ಒಂದು ಸುಲಭದ ಲೆಕ್ಕ ಹಾಕೋಣ. ನಗರ 10 ಕೋಟಿ ಡಾಲರ್ ಸಾಲ ಎತ್ತಿತು, ಬಡ್ಡಿ ಶೇಕಡಾ 4, ಅವಧಿ 30 ವರ್ಷ ಎಂದುಕೊಳ್ಳಿ. ಸಮ ಕಂತಿನಲ್ಲಿ ತೀರಿಸಿದರೆ ವರ್ಷಕ್ಕೆ ಸುಮಾರು 58 ಲಕ್ಷ ಡಾಲರ್ ಕಟ್ಟಬೇಕು. ಅದನ್ನು 75 ಪಂದ್ಯಗಳಿಗೆ ಹಂಚಿದರೆ ಒಂದು ಸಂಜೆಗೆ 77,000 ಡಾಲರ್. ಸಂಜೆಗೆ 6,000 ಜನ ಬಂದರು ಎನ್ನಿ, ತಲೆಗೆ 13 ಡಾಲರ್ ಬಿತ್ತು. ಮೈನರ್ ಲೀಗ್ ಆಟದ ಅಗ್ಗದ ಟಿಕೆಟ್ಟಿನ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ. ಆ ಟಿಕೆಟ್ಟಿನ ದುಡ್ಡಾದರೂ ನಗರಕ್ಕೆ ಬರುವುದಿಲ್ಲ, ತಂಡಕ್ಕೆ ಹೋಗುತ್ತದೆ.

ಹಾಗಾದರೆ ಸಾಲ ತೀರಿಸುವವರು ಯಾರು? ಈಚಿನ ವರ್ಷಗಳಲ್ಲಿ ನಗರಗಳು ಮತ್ತೆಮತ್ತೆ ಕೊಡುತ್ತಿರುವ ಉತ್ತರ: ಮೈದಾನದ ಸುತ್ತ ಏಳಲಿರುವ ಅಪಾರ್ಟ್‌ಮೆಂಟು, ಹೋಟೆಲು, ಅಂಗಡಿಗಳ ಆಸ್ತಿ ತೆರಿಗೆ. ಅಂದರೆ ಇನ್ನೂ ಪಾಯ ತೋಡಿರದ ಕಟ್ಟಡಗಳು. ಸಾರ್ವಜನಿಕ ಸಭೆಗಳಲ್ಲಿ ಗಂಟೆಗಟ್ಟಲೆ ಚರ್ಚೆಯಾಗುವುದು ಮೈದಾನದ ಬಗ್ಗೆ, ತಂಡದ ಬಗ್ಗೆ, ಊರಿನ ಹೆಮ್ಮೆಯ ಬಗ್ಗೆ. ಆ ಕಟ್ಟಡಗಳು ಯಾವ ವರ್ಷ ಮೇಲೇಳುತ್ತವೆ, ಏಳದಿದ್ದರೆ ಕಂತು ಯಾರ ತಲೆಗೆ ಎಂಬ ಪ್ರಶ್ನೆಗೆ ಸಿಗುವುದು ಕೊನೆಯ ಐದು ನಿಮಿಷ. ಈ ಬರಹ ಆ ಐದು ನಿಮಿಷದ ವಿಷಯದ ಬಗ್ಗೆ.

ಕ್ರಿಕೆಟ್ ನೋಡಿ ಬೆಳೆದವರಿಗೆ ಮೈನರ್ ಲೀಗ್ ಎಂದರೆ ರಣಜಿಯಂಥದ್ದೇನೋ ಅನ್ನಿಸಬಹುದು. ಹಾಗಲ್ಲ. ಆಟಗಾರರು, ಕೋಚುಗಳು ಮೇಲಿನ ಮೇಜರ್ ಲೀಗ್ ತಂಡದ ನೌಕರರು, ಸಂಬಳ ಅಲ್ಲಿಂದಲೇ. ಇವತ್ತು ರಾತ್ರಿ ಇಲ್ಲಿ ಆಡಿದ ಹುಡುಗನನ್ನು ನಾಳೆ ಬೆಳಿಗ್ಗೆ ಮೇಲಕ್ಕೆ ಕರೆಸಿಕೊಳ್ಳಬಹುದು. ಸ್ಥಳೀಯ ಮಾಲೀಕರ ಕೈಯಲ್ಲಿರುವುದು ಟಿಕೆಟ್, ತಿಂಡಿ, ಬಿಯರ್, ಜಾಹೀರಾತು ಫಲಕ, ಪಾರ್ಕಿಂಗ್. ಮೈದಾನ ಸಾಮಾನ್ಯವಾಗಿ ನಗರದ್ದೋ ಕೌಂಟಿಯದ್ದೋ ಆಗಿರುತ್ತದೆ, ತಂಡ ಬಾಡಿಗೆದಾರ. ಬಾಡಿಗೆದಾರನಾದ್ದರಿಂದಲೇ ಅದಕ್ಕೆ ಬೇರೆ ಊರು ನೋಡಿಕೊಳ್ಳುವ ದಾರಿ ಸದಾ ತೆರೆದಿರುತ್ತದೆ. 2020ರ ಕೊನೆಯಲ್ಲಿ ಮೇಜರ್ ಲೀಗ್ ಈ ಇಡೀ ವ್ಯವಸ್ಥೆಯನ್ನು ತನ್ನ ಕೈಗೆ ತೆಗೆದುಕೊಂಡಿತು. 160 ತಂಡಗಳಿದ್ದ ಜಾಲವನ್ನು 120ಕ್ಕೆ ಇಳಿಸಿ, ಉಳಿದವರಿಗೆ ಲೈಸೆನ್ಸು ಕೊಟ್ಟು, ಮೈದಾನಗಳಿಗೆ ಹೊಸ ಮಾನದಂಡ ಗೊತ್ತುಮಾಡಿತು: ಒಳಾಂಗಣದಲ್ಲಿ ಬ್ಯಾಟಿಂಗ್ ಅಭ್ಯಾಸದ ಜಾಗ, ಮಹಿಳಾ ಸಿಬ್ಬಂದಿಗೆ ಪ್ರತ್ಯೇಕ ಉಡುಪಿನ ಕೋಣೆ, ದೀಪಗಳ ಪ್ರಖರತೆ, ಹುಲ್ಲಿನ ಗುಣಮಟ್ಟ. ಇವು ಬೇಕಾದ ಸೌಕರ್ಯಗಳೇ, ತಕರಾರಿಲ್ಲ. ಆದರೆ ಅಲ್ಲಿಂದಾಚೆಗೆ 'ಹೊಸ ಮೈದಾನ ಇಲ್ಲವೆಂದರೆ ತಂಡವೂ ಇಲ್ಲ' ಎನ್ನುವುದು ಮಾಲೀಕರ ಬೆದರಿಕೆ ಮಾತ್ರವಾಗಿ ಉಳಿಯಲಿಲ್ಲ. ತಂಡ ಕಳೆದುಕೊಂಡ ನಲವತ್ತು ಊರುಗಳು ಎಲ್ಲರ ಕಣ್ಣೆದುರಿಗಿದ್ದವು.

ಪಾಟಕೆಟ್ ಮತ್ತು ವೂಸ್ಟರ್ ಎಂಬ ಎರಡು ಊರುಗಳ ಕಥೆ ಅದಕ್ಕೂ ಮುಂಚಿನದು. ರೋಡ್ ಐಲೆಂಡ್ ರಾಜ್ಯದ ಪಾಟಕೆಟ್ ಹಳೆಯ ಗಿರಣಿ ಊರು, ಜನಸಂಖ್ಯೆ ಮುಕ್ಕಾಲು ಲಕ್ಷ. ಅಲ್ಲಿನ ಮೆಕಾಯ್ ಸ್ಟೇಡಿಯಂ 1942ರದ್ದು, ಮೇಜರ್ ಲೀಗ್‌ನ ಬಾಸ್ಟನ್ ರೆಡ್ ಸಾಕ್ಸ್‌ಗೆ ಸೇರಿದ ಟ್ರಿಪಲ್-ಎ ತಂಡದ ಮನೆಯಾಗಿತ್ತು. ವೃತ್ತಿಪರ ಬೇಸ್‌ಬಾಲಿನ ಅತಿ ದೀರ್ಘ ಪಂದ್ಯ ನಡೆದದ್ದು ಅಲ್ಲೇ. ಬೇಸ್‌ಬಾಲ್ ಪಂದ್ಯ ಸಾಮಾನ್ಯವಾಗಿ ಒಂಬತ್ತು ಇನ್ನಿಂಗ್ಸ್‌ಗೆ ಮುಗಿಯುತ್ತದೆ; 1981ರ ಏಪ್ರಿಲ್ 18ರ ರಾತ್ರಿ ಶುರುವಾದ ಆಟ 32 ಇನ್ನಿಂಗ್ಸ್ ಕಳೆದರೂ ಮುಗಿಯದೆ ನಸುಕಿನಲ್ಲಿ ನಿಂತಾಗ ಆಸನಗಳಲ್ಲಿ ಉಳಿದಿದ್ದವರು 19 ಮಂದಿ. ಮತ್ತೆ ಜೂನ್ 23ಕ್ಕೆ ಮುಂದುವರಿದು, 33ನೇ ಇನ್ನಿಂಗ್ಸ್‌ನಲ್ಲಿ ಪಾಟಕೆಟ್ ಗೆದ್ದಿತು. ಮುಂದೆ ದಿಗ್ಗಜರೆನಿಸಿಕೊಂಡ ವೇಡ್ ಬಾಗ್ಸ್ ಮತ್ತು ಕ್ಯಾಲ್ ರಿಪ್ಕನ್ ಎದುರಾಳಿ ತಂಡಗಳಲ್ಲಿದ್ದರು. ಇಂಥ ನೆನಪಿರುವ ಮೈದಾನವನ್ನು ಬಿಟ್ಟುಕೊಡುವುದು ಊರಿಗೆ ಹಗುರದ ಮಾತಲ್ಲ.

2015ರಲ್ಲಿ ಹೊಸ ಮಾಲೀಕರು ಬಂದರು. ಅವರಲ್ಲಿ ಪ್ರಮುಖರು ಲ್ಯಾರಿ ಲುಕಿನೊ. ಬಾಲ್ಟಿಮೋರ್‌ನ ಕ್ಯಾಮ್ಡನ್ ಯಾರ್ಡ್ಸ್ ಮೈದಾನವನ್ನು 1992ರಲ್ಲಿ ಊರ ಹೊರಗೆ ಕಟ್ಟದೆ ಹಳೆಯ ಇಟ್ಟಿಗೆ ಗೋದಾಮಿನ ಪಕ್ಕ ಊರೊಳಗೆ ಕಟ್ಟಿಸಿದ ಹೆಸರು ಅವರಿಗಿತ್ತು. ಮೊದಲು ಪ್ರಾವಿಡೆನ್ಸ್ ನಗರದ ನದಿದಂಡೆಯ ಜಾಗ ಕೇಳಿದರು, ಅದು ಕೂಡಿ ಬರಲಿಲ್ಲ. ಆಮೇಲೆ 2017ರಲ್ಲಿ ಪಾಟಕೆಟ್‌ನಲ್ಲೇ ಊರ ನಡುವಿನ ಜಾಗಕ್ಕೆ ಒಂದು ಯೋಜನೆ ಬಂತು. ಒಟ್ಟು 8.3 ಕೋಟಿ ಡಾಲರ್. ತಂಡದ್ದು 4.5 ಕೋಟಿ, ರಾಜ್ಯದ್ದು 2.3 ಕೋಟಿ, ನಗರದ್ದು 1.5 ಕೋಟಿ. ಅರ್ಧಕ್ಕಿಂತ ಹೆಚ್ಚು ತಂಡವೇ ಹೊರುತ್ತಿತ್ತು ಎಂಬುದನ್ನು ಗಮನಿಸಿ. ರಾಜ್ಯದ ಸೆನೆಟ್ ಒಪ್ಪಿತು. ಕೆಳಮನೆ ಮಾತ್ರ ಮಸೂದೆಯನ್ನು ತಿದ್ದಿ, ಸಾಲ ಎತ್ತಲು ಮಾರುವ ಬಾಂಡುಗಳಿಗೆ (ಸಾಲಪತ್ರಗಳಿಗೆ) ರಾಜ್ಯದ ಖಾತರಿ ಇರಬಾರದು ಎಂದಿತು. ತೆರಿಗೆದಾರರನ್ನು ಕಾಪಾಡುವ ತಿದ್ದುಪಡಿಯಂತೆ ಅದು ಕೇಳಿಸುತ್ತದೆ, ಒಂದರ್ಥದಲ್ಲಿ ಹೌದೂ ಸಹ. ಆದರೆ ರಾಜ್ಯ ಹಿಂದೆ ನಿಲ್ಲದ ಬಾಂಡನ್ನು ಕೊಳ್ಳುವವನು ಹೆಚ್ಚು ಬಡ್ಡಿ ಕೇಳುತ್ತಾನೆ. ಅಪಾಯ ಕಾಗದದ ಮೇಲೆ ಬೇರೆಯವರಿಗೆ ದಾಟಿತು, ಯೋಜನೆಯ ಖರ್ಚು ಏರಿತು. 2018ರ ಜೂನ್ ಕೊನೆಗೆ ಗವರ್ನರ್ ಸಹಿ ಬಿತ್ತು. ಆಗಸ್ಟ್ 17ಕ್ಕೆ ತಂಡ ಪಕ್ಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್‌ಗೆ ಹೋಗುವುದಾಗಿ ಘೋಷಿಸಿತು.

ಎರಡು ಲಕ್ಷ ಜನರ ವೂಸ್ಟರ್‌ನಲ್ಲಿ ನಗರ ಮಂಡಳಿ ಒಂದು ತಿಂಗಳೊಳಗೇ ಒಪ್ಪಿಗೆ ಕೊಟ್ಟಿತು. ಪಾಟಕೆಟ್‌ನಲ್ಲಿ ವರ್ಷಗಟ್ಟಲೆ ಎಳೆದಾಡಿದ ವಿಷಯ ಇಲ್ಲಿ ಕೆಲವೇ ವಾರಗಳಲ್ಲಿ ಮುಗಿಯಿತು. ನನಗೆ ಎರಡೂ ಸರಿ ಕಾಣುವುದಿಲ್ಲ. ವೂಸ್ಟರ್‌ನ ಲೆಕ್ಕ ಹೀಗಿತ್ತು: ನಗರ ಸುಮಾರು 10 ಕೋಟಿ ಡಾಲರ್ ಸಾಲ ಎತ್ತುತ್ತದೆ, ತಂಡ ಮೊದಲಿಗೆ 60 ಲಕ್ಷ ಹಾಕಿ, 30 ವರ್ಷದ ಬಾಡಿಗೆಯಾಗಿ ಸುಮಾರು 3 ಕೋಟಿ ಕೊಡುತ್ತದೆ, ಉಳಿದದ್ದು ಸುತ್ತಲಿನ ಹೊಸ ಕಟ್ಟಡಗಳ ತೆರಿಗೆಯಿಂದ ತೀರುತ್ತದೆ.

ಈ 3 ಕೋಟಿಯ ಹತ್ತಿರ ಸ್ವಲ್ಪ ನಿಲ್ಲಬೇಕು. ಪತ್ರಿಕೆಯಲ್ಲಿ '10 ಕೋಟಿಯಲ್ಲಿ 3 ಕೋಟಿ ತಂಡದ್ದು' ಎಂದು ಬಂದರೆ ಶೇಕಡಾ ಮೂವತ್ತು ಎಂದು ಓದಿಕೊಳ್ಳುತ್ತೇವೆ. ಸಾಲವಾದರೋ ಇವತ್ತಿನ ದುಡ್ಡು. ಬಾಡಿಗೆ ಬರುವುದು ವರ್ಷಕ್ಕೆ ಹತ್ತು ಲಕ್ಷದ ಲೆಕ್ಕದಲ್ಲಿ, ಮೂವತ್ತು ವರ್ಷ. ಶೇಕಡಾ 4ರ ಬಡ್ಡಿಯಲ್ಲಿ ಹಿಂದಕ್ಕೆ ಎಣಿಸಿದರೆ ಆ 3 ಕೋಟಿಯ ಇವತ್ತಿನ ಬೆಲೆ ಸುಮಾರು 1.73 ಕೋಟಿ. ಬಾಡಿಗೆ ವರ್ಷವರ್ಷ ಏರುವ ಕರಾರಿದ್ದು ಮೊದಲ ಕಂತುಗಳು ಚಿಕ್ಕವಾಗಿದ್ದರೆ ಇನ್ನೂ ಕಡಿಮೆ. ಚೀಟಿ ಹಾಕಿದ ಯಾರಿಗಾದರೂ ಈ ಲೆಕ್ಕ ಗೊತ್ತು: ಮೊದಲ ತಿಂಗಳಲ್ಲಿ ಕೈಗೆ ಬರುವ ದುಡ್ಡೂ ಕೊನೆಯ ತಿಂಗಳಲ್ಲಿ ಬರುವ ದುಡ್ಡೂ ಒಂದೇ ಅಲ್ಲ.

ಇನ್ನು ತೆರಿಗೆಯ ಭಾಗ. ಮ್ಯಾಸಚೂಸೆಟ್ಸ್‌ನಲ್ಲಿ ಇದನ್ನು ಡಿಐಎಫ್ (ಡಿಸ್ಟ್ರಿಕ್ಟ್ ಇಂಪ್ರೂವ್‌ಮೆಂಟ್ ಫೈನಾನ್ಸಿಂಗ್) ಎನ್ನುತ್ತಾರೆ, ಹಲವು ರಾಜ್ಯಗಳಲ್ಲಿ ಟಿಐಎಫ್ (ಟ್ಯಾಕ್ಸ್ ಇನ್‌ಕ್ರಿಮೆಂಟ್ ಫೈನಾನ್ಸಿಂಗ್) ಎಂಬ ಹೆಸರಿದೆ. ಕೆಲಸ ಮಾಡುವ ರೀತಿ ಸುಲಭ. ನಕ್ಷೆಯ ಮೇಲೆ ಒಂದು ಗೆರೆ ಎಳೆಯುತ್ತಾರೆ. ಗೆರೆಯೊಳಗಿನ ಆಸ್ತಿಗಳ ಇವತ್ತಿನ ಮೌಲ್ಯವನ್ನು ಮೂಲವೆಂದು ಬರೆದಿಡುತ್ತಾರೆ. ಮುಂದೆ ಮೌಲ್ಯ ಏರಿದಾಗ, ಏರಿದ ಭಾಗದ ತೆರಿಗೆ ನಗರದ ಸಾಮಾನ್ಯ ಖಜಾನೆಗೆ ಹೋಗದೆ ಮೈದಾನದ ಸಾಲದ ಖಾತೆಗೆ ಹೋಗುತ್ತದೆ. ಸಾವಿರ ಡಾಲರ್ ಮೌಲ್ಯಕ್ಕೆ 30 ಡಾಲರ್ ತೆರಿಗೆ ಎಂದುಕೊಂಡರೆ 3 ಕೋಟಿಯ ಒಂದು ಹೋಟೆಲು ವರ್ಷಕ್ಕೆ 9 ಲಕ್ಷ ತರುತ್ತದೆ. ಬಾಡಿಗೆಯ ಹತ್ತು ಲಕ್ಷ ಕಳೆದು ಉಳಿಯುವ 48 ಲಕ್ಷದ ಕಂತಿಗೆ ಅಂಥವು ಐದಾರು ಬೇಕು. ಅವು ಎಲ್ಲವೂ ಪೂರ್ತಿ ಎದ್ದು, ಪೂರ್ತಿ ತೆರಿಗೆ ಕಟ್ಟುತ್ತಿರಬೇಕು.

ತಪ್ಪುವುದು ಇಲ್ಲೇ, ಮೂರು ಕಡೆ. ಒಂದು, ಸಮಯ. ಬಾಂಡು ಮಾರಿದ ದಿನದಿಂದ ಬಡ್ಡಿ ಓಡುತ್ತದೆ, ಕಟ್ಟಡ ತೆರಿಗೆ ಪಟ್ಟಿಗೆ ಸೇರುವುದು ಅದು ಎದ್ದ ಮೇಲೆ. ನಡುವಿನ ವರ್ಷಗಳ ಬಡ್ಡಿಗೆಂದು ಮೊದಲೇ ಹೆಚ್ಚು ಸಾಲ ಎತ್ತಿ ಇಟ್ಟುಕೊಳ್ಳುವುದೂ ಉಂಟು, ಆ ಗಂಟು ಕರಗುವಷ್ಟರಲ್ಲಿ ಕಟ್ಟಡ ಎದ್ದಿರಬೇಕು. ಎರಡು, ರಿಯಾಯಿತಿ. ಡೆವಲಪರ್ ಬರಲಿ ಎಂದು ಅದೇ ಕಟ್ಟಡಗಳಿಗೆ ನಗರ ಕೆಲವು ವರ್ಷ ತೆರಿಗೆ ವಿನಾಯಿತಿ ಕೊಟ್ಟರೆ, ಸಾಲ ತೀರಿಸಬೇಕಾದ ದುಡ್ಡನ್ನು ತಾನೇ ಬಿಟ್ಟುಕೊಟ್ಟಂತೆ. ಮೂರನೆಯದು ಕಣ್ಣಿಗೆ ಬೀಳುವುದೇ ಇಲ್ಲ. ಮೈದಾನ ಇಲ್ಲದಿದ್ದರೂ ಆ ಅಪಾರ್ಟ್‌ಮೆಂಟು ಆ ಊರಿನಲ್ಲಿ ಎಲ್ಲೋ ಏಳುತ್ತಿತ್ತೇ? ಏಳುತ್ತಿದ್ದರೆ ಆ ತೆರಿಗೆ ಹೊಸದಲ್ಲ. ಶಾಲೆಗೆ, ರಸ್ತೆಗೆ, ಅಗ್ನಿಶಾಮಕ ದಳಕ್ಕೆ ಹೋಗಬೇಕಾದ್ದು ದಾರಿ ಬದಲಿಸಿತು, ಅಷ್ಟೇ. ವೂಸ್ಟರ್ ಮುಂದೆ ತನ್ನ ಗೆರೆಯನ್ನೇ ಹಿಗ್ಗಿಸಿ ಸುತ್ತಲಿನ ಬೇರೆ ಕಟ್ಟಡಗಳನ್ನೂ ಒಳಗೆ ಸೇರಿಸಿಕೊಂಡಿತು. 'ಮೈದಾನ ತನ್ನ ಖರ್ಚನ್ನು ತಾನೇ ತೂಗಿಸಿಕೊಳ್ಳುತ್ತಿದೆ' ಎಂಬ ಮಾತು ಕೇಳಿದಾಗ, ಯಾವ ಗೆರೆಯೊಳಗಿನ ಲೆಕ್ಕ ಎಂದು ಕೇಳುವುದು ಇದಕ್ಕೇ.

ವೂಸ್ಟರ್‌ನ ವಿಶೇಷವೆಂದರೆ ಅಲ್ಲಿ ಅರ್ಥಶಾಸ್ತ್ರಜ್ಞರೇ ಎರಡು ಕಡೆ ನಿಂತದ್ದು. ಸರ್ಕಾರಿ ಹಣದಲ್ಲಿ ಕ್ರೀಡಾಂಗಣ ಕಟ್ಟುವುದನ್ನು ದಶಕಗಳಿಂದ ಟೀಕಿಸುತ್ತ ಬಂದ ಆಂಡ್ರ್ಯೂ ಜಿಂಬಲಿಸ್ಟ್ ಇಲ್ಲಿ ನಗರದ ಸಲಹೆಗಾರರಾಗಿದ್ದರು. ಅದೇ ಊರಿನ ಹೋಲಿ ಕ್ರಾಸ್ ಕಾಲೇಜಿನ ವಿಕ್ಟರ್ ಮ್ಯಾಥಿಸನ್ ಮತ್ತು ರಾಬರ್ಟ್ ಬೌಮನ್ ವಿರೋಧಿಸಿದರು. ವಿರೋಧದ ತಿರುಳು ಈ ಕ್ಷೇತ್ರದ ಬಹುತೇಕ ಸಂಶೋಧನೆ ಹೇಳುವುದೇ: ಒಂದು ಕುಟುಂಬ ತಿಂಗಳಿಗೆ ಮನರಂಜನೆಗೆಂದು ತೆಗೆದಿಡುವ ದುಡ್ಡು ಮೈದಾನ ಬಂದಿತೆಂದು ಹೆಚ್ಚಾಗುವುದಿಲ್ಲ. ಬಾಲ್‌ಪಾರ್ಕಿನಲ್ಲಿ ತಿಂದ ಹಾಟ್‌ಡಾಗ್, ಊರಿನ ಇನ್ನೊಂದು ಹೋಟೆಲಿನಲ್ಲಿ ತಿನ್ನದೆ ಬಿಟ್ಟ ಊಟ. ಹೊರಊರಿನಿಂದ ಬಂದವರ ದುಡ್ಡು ಮಾತ್ರ ಹೊಸದು, ಮೈನರ್ ಲೀಗ್ ಆಟಕ್ಕೆ ಬರುವವರಲ್ಲಿ ಹೆಚ್ಚಿನವರು ಅಕ್ಕಪಕ್ಕದವರೇ.

ಪೋಲಾರ್ ಪಾರ್ಕ್ ಎಂದು ಹೆಸರಾದ ಆ ಮೈದಾನ 2021ರ ಮೇ 11ರಂದು ತೆರೆಯಿತು. ಅಷ್ಟರಲ್ಲಿ ಒಟ್ಟು ಖರ್ಚು ಸುಮಾರು 16 ಕೋಟಿ ಡಾಲರ್ ಮುಟ್ಟಿತ್ತು. ಹೀಗೇಕಾಯಿತು ಎಂಬುದನ್ನು ಜಾಗ ನೋಡಿದರೆ ಊಹಿಸಬಹುದು. ಅದು ಲೋಹ ಬಡಿದು ಬಿಡಿಭಾಗ ತಯಾರಿಸುತ್ತಿದ್ದ ವೈಮನ್-ಗಾರ್ಡನ್ ಕಂಪನಿಯ ಹಳೆಯ ಕಾರ್ಖಾನೆಯ ನೆಲ. ಅಂಥ ನೆಲದಲ್ಲಿ ಏನೇನು ಹುದುಗಿದೆ ಎಂಬುದು ಅಗೆದ ಮೇಲೆಯೇ ಪೂರ್ತಿ ತಿಳಿಯುವುದು. ಕೊಳಕಾದ ಮಣ್ಣನ್ನು ಲಾರಿಯಲ್ಲಿ ಸಾಗಿಸಿ ಬೇರೆ ಕಡೆ ವಿಲೇವಾರಿ ಮಾಡಬೇಕು. ಜಾಗ ಇಳಿಜಾರು, ತಡೆಗೋಡೆ ಬೇಕು. ಅಲ್ಲಿದ್ದ ವ್ಯಾಪಾರಗಳಿಗೆ ಪರಿಹಾರ ಕೊಟ್ಟು ಸ್ಥಳಾಂತರಿಸಬೇಕು. ಕಟ್ಟಡದ ಅಂದಾಜಿನಲ್ಲಿ ಇವೆಲ್ಲ ಒಂದೆರಡು ಸಾಲು. ಬಿಲ್ ಬರುವಾಗ ಹಾಗಿರುವುದಿಲ್ಲ. ಒಂದು ಒಳ್ಳೆಯ ಕೆಲಸವನ್ನೂ ಹೇಳಬೇಕು: ಅಪಘಾತಗಳಿಗೆ ಕುಖ್ಯಾತವಾಗಿದ್ದ ಕೆಲ್ಲಿ ಸ್ಕ್ವೇರ್ ಎಂಬ ಕೂಡುರಸ್ತೆಯನ್ನು ರಾಜ್ಯ ಸರ್ಕಾರ ಇದೇ ನೆಪದಲ್ಲಿ ಕಡಲೆಕಾಯಿ ಆಕಾರದ ವೃತ್ತವಾಗಿ ಮರುನಿರ್ಮಿಸಿತು. ಮೈದಾನದ ಮಾತು ಬರದಿದ್ದರೆ ಅದು ಇನ್ನೆಷ್ಟು ವರ್ಷ ಹಾಗೇ ಇರುತ್ತಿತ್ತೋ.

ಕರಾರು ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್ ಇದೆ. 2014ರಲ್ಲಿ ಆ ನಗರ ಪಕ್ಕದ ನ್ಯೂ ಬ್ರಿಟನ್ ಊರಿನ ಡಬಲ್-ಎ ತಂಡವನ್ನು ಕರೆತರುವುದಾಗಿ ಹೇಳಿ, 5.6 ಕೋಟಿ ಡಾಲರಿನಲ್ಲಿ ಮೈದಾನ ಕಟ್ಟಲು ಹೊರಟಿತು. ಜಾಗ ಹೆದ್ದಾರಿಯಾಚೆಗಿನ ಡೌನ್‌ಟೌನ್ ನಾರ್ತ್. ಸುತ್ತ ಮನೆ, ದಿನಸಿಯ ಸೂಪರ್ ಮಾರ್ಕೆಟ್, ಅಂಗಡಿ ಎಲ್ಲ ಬರುತ್ತವೆ ಎಂಬ ಭರವಸೆ. 2016ರ ಏಪ್ರಿಲ್‌ಗೆ ಮೈದಾನ ಸಿದ್ಧವಿರಬೇಕಿತ್ತು. ಬೇಸ್‌ಬಾಲ್ ಮೈದಾನಕ್ಕೆ ಈ ಏಪ್ರಿಲ್ ಎಂಬುದು ಕದಲದ ಗಡುವು. ಹಿಂದಿನ ಶರತ್ಕಾಲದಲ್ಲೇ ನೀರು ಬಸಿಯುವ ಪೈಪು, ಜಲ್ಲಿ, ಮರಳು ಹಾಸಿ ಮೇಲೆ ಹುಲ್ಲು ಕೂರಿಸಿದರೆ ಬೇರು ಹಿಡಿಯಲು ಕಾಲ ಸಿಗುತ್ತದೆ. ಚಳಿಗಾಲ ಬಂದರೆ ನೆಲ ಹೆಪ್ಪುಗಟ್ಟಿ ಹೊರಗಿನ ಕೆಲಸ ನಿಧಾನವಾಗುತ್ತದೆ. ಕಚೇರಿ ಕಟ್ಟಡ ಎರಡು ತಿಂಗಳು ತಡವಾದರೆ ಎರಡು ತಿಂಗಳ ನಷ್ಟ. ಮೈದಾನ ತಡವಾದರೆ ಒಂದು ವರ್ಷವೇ ಹೋಗುತ್ತದೆ.

ಹಾಗೇ ಆಯಿತು. ಖರ್ಚು ಒಂದು ಕೋಟಿ ಡಾಲರಿನಷ್ಟು ಏರಿ, ಮೇ ತಿಂಗಳಿಗೆ ಮುಂದೂಡಿದ ಗಡುವೂ ಮೀರಿತು. ಜೂನ್‌ನಲ್ಲಿ ನಗರ ಡೆವಲಪರ್ ಜೊತೆಗಿನ ಕರಾರು ರದ್ದು ಮಾಡಿತು. ಯಾರ್ಡ್ ಗೋಟ್ಸ್ ಎಂದು ಹೊಸ ಹೆಸರಿಟ್ಟುಕೊಂಡಿದ್ದ ತಂಡ 2016ರ ಇಡೀ ಋತುವನ್ನು ಪರಸ್ಥಳಗಳಲ್ಲೇ ಆಡಿತು. ನಗರವನ್ನು ಉಳಿಸಿದ್ದು ಪರ್ಫಾರ್ಮೆನ್ಸ್ ಬಾಂಡ್. ಗುತ್ತಿಗೆದಾರ ಕೈಬಿಟ್ಟರೆ ಕೆಲಸ ಮುಗಿಸಿಕೊಡುವ ಹೊಣೆ ಹೊತ್ತ ವಿಮಾ ಕಂಪನಿ ಮುಂದೆ ಬಂದು, 2017ರ ಏಪ್ರಿಲ್ 13ಕ್ಕೆ ಮೈದಾನ ತೆರೆಯಿತು. ಖರ್ಚು ಸುಮಾರು 7.1 ಕೋಟಿ. ಕೋರ್ಟಿನ ಜಗಳ ಮಾತ್ರ ನಿಲ್ಲಲಿಲ್ಲ. 2019ರಲ್ಲಿ ಜ್ಯೂರಿ ನಗರದ ಪರ ತೀರ್ಪಿತ್ತಿತು. 2022ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ ಮರುವಿಚಾರಣೆಗೆ ಹೇಳಿತು. ಕಾರಣ ನಿರ್ಮಾಣದ ಕರಾರು ಓದುವ ಪ್ರತಿಯೊಬ್ಬರೂ ಗಮನಿಸಬೇಕಾದ್ದು: ವಾಸ್ತುಶಿಲ್ಪಿ ಯಾರ ಹತೋಟಿಯಲ್ಲಿದ್ದರು, ನಕ್ಷೆಯ ತಪ್ಪಿಗೆ ಹೊಣೆ ಯಾರು ಎಂಬುದು ಕರಾರಿನ ಭಾಷೆಯಲ್ಲೇ ಸ್ಪಷ್ಟವಿರಲಿಲ್ಲ. ನಕ್ಷೆ ಅರ್ಧ ಸಿದ್ಧವಿರುವಾಗಲೇ ಗರಿಷ್ಠ ಬೆಲೆ ಗೊತ್ತುಮಾಡಿ ಸಹಿ ಹಾಕಿದರೆ, ಆಮೇಲಿನ ಪ್ರತಿ ತಿದ್ದುಪಡಿಯೂ 'ಇದು ನನ್ನದಲ್ಲ, ನಿಮ್ಮದು' ಎಂಬ ವಾದವಾಗುತ್ತದೆ.

ಮೈದಾನ ಸೋತಿತೇ ಎಂದರೆ ಇಲ್ಲ. ಜನ ತುಂಬಿ ಬರುತ್ತಾರೆ. ಅಲರ್ಜಿ ಇರುವ ಮಕ್ಕಳೂ ಬರಲಿ ಎಂದು 2019ರಿಂದ ಅಲ್ಲಿ ಕಡಲೆಕಾಯಿ ಮಾರುವುದನ್ನೇ ನಿಲ್ಲಿಸಿದರು. ಕಡಲೆಕಾಯಿ ಬೇಸ್‌ಬಾಲಿಗೆ ಎಷ್ಟು ಅಂಟಿಕೊಂಡ ತಿಂಡಿ ಎಂದು ಗೊತ್ತಿದ್ದವರಿಗೆ ಇದು ಎಂಥ ನಿರ್ಧಾರವೆಂದು ತಿಳಿಯುತ್ತದೆ. ಆದರೆ ಪಕ್ಕದ ಸೈಟುಗಳು? ವ್ಯಾಜ್ಯದ ಕಾರಣಕ್ಕೆ ವರ್ಷಗಟ್ಟಲೆ ಪಾರ್ಕಿಂಗ್ ಜಾಗವಾಗಿಯೇ ಉಳಿದವು. ಬೇರೆ ಡೆವಲಪರ್ ಕಟ್ಟಿದ ಮೊದಲ ಅಪಾರ್ಟ್‌ಮೆಂಟುಗಳಿಗೆ ಜನ ಬಂದದ್ದು 2022ರಲ್ಲಿ, ಮೈದಾನ ತೆರೆದು ಐದು ವರ್ಷದ ಮೇಲೆ. ಸಾಲದ ಕಂತು ಆ ಐದು ವರ್ಷ ಕಾಯಲಿಲ್ಲ. ಅದೇ ಹೊತ್ತಿನಲ್ಲಿ ನಗರ ದಿವಾಳಿ ಅಂಚಿಗೆ ಹೋಗಿ, ಅದರ ಸುಮಾರು 55 ಕೋಟಿ ಡಾಲರ್ ಸಾಲದ ಹೊರೆಯನ್ನು ರಾಜ್ಯವೇ ಹೊರಬೇಕಾಯಿತು. ಮೈದಾನವೊಂದೇ ಅದಕ್ಕೆ ಕಾರಣ ಎಂದರೆ ಸುಳ್ಳಾಗುತ್ತದೆ, ಹಾರ್ಟ್‌ಫರ್ಡ್‌ನ ಹಣಕಾಸು ಮೊದಲೇ ಕೆಟ್ಟಿತ್ತು. ಮೊದಲೇ ಕೆಟ್ಟಿದ್ದ ನಗರ ಇಂಥ ಜೂಜಿಗೆ ಇಳಿಯಬಾರದಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಪರವಾಗಿ ಮಾತಾಡುವವರೆಲ್ಲ ತೋರಿಸುವುದು ನಾರ್ತ್ ಕೆರೊಲಿನಾದ ಡರ್ಹಮ್ ನಗರವನ್ನು. ಅಲ್ಲಿ 1990ರಲ್ಲಿ ಮತದಾರರು ಮೈದಾನದ ಬಾಂಡನ್ನು ತಿರಸ್ಕರಿಸಿದರು. ನಗರ ಮತದಾನ ಬೇಕಿಲ್ಲದ ಬೇರೆ ಬಗೆಯ ಸಾಲಪತ್ರ ಬಳಸಿ ಕಟ್ಟಿಸಿಯೇಬಿಟ್ಟಿತು. 1995ರಲ್ಲಿ ಮೈದಾನ ತೆರೆಯಿತು. ಇವತ್ತು ಅದರ ಪಕ್ಕದ ಹಳೆಯ ತಂಬಾಕು ಕಾರ್ಖಾನೆ ಕಚೇರಿ, ಹೋಟೆಲುಗಳಿಂದ ತುಂಬಿದೆ, ಸುಂದರವಾಗಿದೆ, ನಿಜ. ಆದರೆ ಆ ಕಾರ್ಖಾನೆ ಹೊಸ ರೂಪದಲ್ಲಿ ತೆರೆದದ್ದು 2004ರಲ್ಲಿ. ಎಲ್ಲರೂ ಉದಾಹರಿಸುವ ಯಶಸ್ಸಿಗೂ ಒಂಬತ್ತು ವರ್ಷ ಬೇಕಾಯಿತು. ಇನ್ನೊಂದು ವಿಷಯವನ್ನು ಮರೆತೇಬಿಡುತ್ತಾರೆ: ತಂಡದ ಒಡೆತನವೂ ಕಾರ್ಖಾನೆಯ ಮರುನಿರ್ಮಾಣವೂ ಒಂದೇ ಕಂಪನಿಯದ್ದು, ಅದೇ ಪ್ರದೇಶದ ಕ್ಯಾಪಿಟಲ್ ಬ್ರಾಡ್‌ಕಾಸ್ಟಿಂಗ್. ತಂಡದ ಯಜಮಾನನ ದುಡ್ಡೇ ಪಕ್ಕದ ಸೈಟಿನಲ್ಲಿ ಹೂತಿದ್ದರೆ, ತಂಡ ಕಟ್ಟಿಕೊಂಡು ಬೇರೆ ಊರಿಗೆ ಹೊರಡುವ ಯೋಚನೆ ಅವನಿಗೆ ಬರುವುದು ಕಷ್ಟ. ಡರ್ಹಮ್‌ನಿಂದ ಕಲಿಯಬೇಕಾದ್ದು ಇದು, ಇಟ್ಟಿಗೆ ಗೋಡೆಯ ಸೊಬಗಲ್ಲ.

ಎಲ್ಲ ಜಾಗವನ್ನೂ ಲೆಕ್ಕದಲ್ಲಿ ಅಳೆಯಲಾಗುವುದಿಲ್ಲ ಎಂಬುದಕ್ಕೆ ವರ್ಜೀನಿಯಾದ ರಿಚ್‌ಮಂಡ್ ಸಾಕು. ಅಲ್ಲಿ ಶಾಕೋ ಬಾಟಮ್ ಎಂಬ ತಗ್ಗು ಪ್ರದೇಶಕ್ಕೆ ಮೈದಾನ ತರುವ ಪ್ರಸ್ತಾಪ 2000ದ ದಶಕದಿಂದ ಮತ್ತೆಮತ್ತೆ ಎದ್ದಿತು, 2013ರಲ್ಲಿ ಮೇಯರ್ ಡ್ವೈಟ್ ಜೋನ್ಸ್ ಇನ್ನೊಮ್ಮೆ ತಂದರು. ನ್ಯೂ ಆರ್ಲಿಯನ್ಸ್ ಬಿಟ್ಟರೆ ದೇಶದ ಅತಿ ದೊಡ್ಡ ಗುಲಾಮರ ಮಾರುಕಟ್ಟೆ ಇದ್ದ ನೆಲ ಅದು. ಮಾರಾಟಕ್ಕೆ ಮುಂಚೆ ಮನುಷ್ಯರನ್ನು ಕೂಡಿಹಾಕುತ್ತಿದ್ದ ಲಂಪ್ಕಿನ್ ಜೈಲಿನ ಕಲ್ಲುಹಾಸು ಉತ್ಖನನದಲ್ಲಿ ಸಿಕ್ಕಿತ್ತು. ಪಾರಂಪರಿಕ ಕೇಂದ್ರವನ್ನೂ ಕಟ್ಟುತ್ತೇವೆ ಎಂದು ಪರವಾದವರು ಹೇಳಿದರು. ಪೂರ್ವಜರನ್ನು ಹರಾಜು ಹಾಕಿದ ಜಾಗದ ಪಕ್ಕ ಬಿಯರು, ಚಪ್ಪಾಳೆ ಬೇಡ ಎಂದು ವಿರೋಧಿಸಿದವರು ಹೇಳಿದರು. ನಾನು ಎರಡನೆಯವರ ಜೊತೆ. ಯೋಜನೆ ಬಿದ್ದುಹೋಯಿತು, ಹೊಸ ಮೈದಾನಕ್ಕೆ ಕೊನೆಗೆ ಹಳೆಯ ಮೈದಾನದ ಪಕ್ಕದ ಜಾಗವೇ ಗೊತ್ತಾಯಿತು.

ಇಂಥ ಸಭೆಗೆ ಹೋಗುವ ನಾಗರಿಕ ಕೈಯಲ್ಲಿ ಹಿಡಿದಿರಬೇಕಾದ್ದು ಮೈದಾನದ ಬಣ್ಣದ ಚಿತ್ರವನ್ನಲ್ಲ, ಪಕ್ಕದ ಸೈಟುಗಳ ಪಟ್ಟಿಯನ್ನು. ಪ್ರತಿ ಸೈಟಿನ ಮುಂದೆ ಡೆವಲಪರ್ ಯಾರು, ಬ್ಯಾಂಕಿನ ಸಾಲ ಮಂಜೂರಾಗಿದೆಯೇ, ಕೆಲಸ ಶುರುವಾಗುವ ದಿನ, ತಡವಾದರೆ ಅವರು ಕೊಡುವ ದಂಡ ಎಷ್ಟು ಎಂದು ಕೇಳಬೇಕು. ಕಟ್ಟಡ ಏಳದಿದ್ದರೂ ಅಂದಾಜು ತೆರಿಗೆಯಷ್ಟು ಹಣವನ್ನು ಡೆವಲಪರ್ ಕಟ್ಟಲೇಬೇಕು ಎಂಬ ಖಾತರಿ ಕರಾರು ಮಾಡಿಕೊಳ್ಳಲು ಸಾಧ್ಯವಿದೆ, ಅದನ್ನು ಮೈದಾನದ ಬಾಂಡು ಮಾರುವ ಮುಂಚೆಯೇ ಬರೆಸಿಕೊಳ್ಳಬೇಕು. ಮಾರಿದ ಮೇಲೆ ನಗರದ ಕೈಯಲ್ಲಿ ಚೌಕಾಸಿಗೆ ಏನೂ ಉಳಿಯುವುದಿಲ್ಲ. ಹತ್ತು ವರ್ಷದ ಮೇಲೆ ಸ್ಕೋರ್‌ಬೋರ್ಡ್, ದೀಪ, ಚಾವಣಿ ಬದಲಿಸುವ ಖರ್ಚು ಯಾರದ್ದು ಎಂಬುದೂ ಗುತ್ತಿಗೆ ಪತ್ರದಲ್ಲಿರಬೇಕು. ಅದಕ್ಕೆಂದು ವರ್ಷವರ್ಷ ದುಡ್ಡು ತೆಗೆದಿಡದ ಮೈದಾನ ಇಪ್ಪತ್ತೈದು ವರ್ಷಕ್ಕೆ 'ಹಳೆಯದು' ಎನಿಸಿಕೊಂಡು, ಮತ್ತೆ ಇದೇ ಸಭೆ ಸೇರಬೇಕಾಗುತ್ತದೆ.

ಪಾಟಕೆಟ್‌ನ ತಂಡ ಮೆಕಾಯ್‌ನಲ್ಲಿ ಕೊನೆಯ ಪಂದ್ಯ ಆಡಿದ್ದು 2019ರಲ್ಲಿ. 2020ರಲ್ಲಿ ಬೀಳ್ಕೊಡುಗೆಯ ಋತು ಆಗಬೇಕಿತ್ತು, ಕೋವಿಡ್‌ನಿಂದ ಮೈನರ್ ಲೀಗ್ ಆಟಗಳೇ ರದ್ದಾದವು. ಆ ಬೇಸಿಗೆ ಮೈದಾನದ ಹುಲ್ಲಿನ ಮೇಲೆ ದೂರದೂರಕ್ಕೆ ಮೇಜುಗಳನ್ನು ಹಾಕಿದರು. ಊರಿನವರು ಮಕ್ಕಳುಮರಿ ಕಟ್ಟಿಕೊಂಡು ಬಂದು, ಬಾಗ್ಸ್ ಮತ್ತು ರಿಪ್ಕನ್ 33 ಇನ್ನಿಂಗ್ಸ್ ಆಡಿದ ನೆಲದ ಮೇಲೆ ಕೂತು ಊಟ ಮಾಡಿ ಹೋದರು. 2025ರಲ್ಲಿ ಸ್ಟೇಡಿಯಂ ಕೆಡವಿದರು. ಆ ಜಾಗದಲ್ಲಿ ಊರಿನ ಹೊಸ ಹೈಸ್ಕೂಲು ಬರುತ್ತಿದೆ.